ಗೊದ್ದದ ರಾಣಿಗೊಂದು ಟೆಸ್ಟ್ ಟ್ಯೂಬ್

ಕಬ್ಬಿನ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ ಕಡೆಯ ಬೆಲ್ಲದ ಗಾಣಗಳಲ್ಲಿ ಮನುಷ್ಯರಿಗಿಂತ ಮೊದಲು ರುಚಿ ನೋಡುವವರು ಇವರೇ. ಕೊಪ್ಪರಿಗೆಯಿಂದ ಚೆಲ್ಲಿದ ಪಾಕ, ಹಿಂಡಿ ಎಸೆದ ಸಿಪ್ಪೆ, ಸಾಲಾಗಿ ಇಟ್ಟ ಬೆಲ್ಲದ ಪೆಂಟಿ, ಎಲ್ಲಿ ಸಿಹಿಯೋ ಅಲ್ಲಿ ಉದ್ದ ಕಾಲಿನ ದೊಡ್ಡ ಕರಿ ಇರುವೆ. ಕನ್ನಡದ ಮನೆಗಳಲ್ಲಿ ಇದು ಗೊದ್ದ. ನಿಪ್ಪಾಣಿ, ಕಾಗವಾಡದ ಮರಾಠಿ ಮನೆಗಳಲ್ಲಿ ಮುಂಗಳಾ. ಇದಕ್ಕೆ ಕೊಂಡಿಯಿಲ್ಲ. ದವಡೆಯಿಂದ ಕಚ್ಚಿ, ಆ ಗಾಯಕ್ಕೆ ಹಿಂಭಾಗದಿಂದ ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ; ಚುರ್ರೆಂದು ಸ್ವಲ್ಪ ಹೊತ್ತಿಗೆ ಶಮನ. ಕಸಬರಿಗೆಯಿಂದ ಗುಡಿಸುವುದು, ಹಿಡಿ ಅರಿಶಿಣ ಸುರಿಯುವುದು, ಇಷ್ಟರಲ್ಲೇ ನಮಗೂ ಇದಕ್ಕೂ ಇರುವ ವ್ಯವಹಾರ ಮುಗಿಯುತ್ತದೆ.

ಇದೇ ಇರುವೆಯನ್ನು ಮನೆಯೊಳಗೆ ಕರೆದು, ಗೂಡು ಕಟ್ಟಿಕೊಟ್ಟು, ವರ್ಷಗಟ್ಟಲೆ ಸಾಕುವ ಹವ್ಯಾಸವೊಂದು ಜಗತ್ತಿನಲ್ಲಿ ಬೆಳೆದಿದೆ. ಬೇರೆ ದೇಶದವರು ದುಡ್ಡು ಕೊಟ್ಟು ಟಪಾಲಿನಲ್ಲಿ ತರಿಸಿಕೊಳ್ಳುವ ಕುಲದ ಪ್ರಾಣಿ ಅಥಣಿಯ ಹಿತ್ತಲಿನ ಬೇವಿನ ಬುಡದಲ್ಲಿ ಬಿಟ್ಟಿಯಾಗಿ ಓಡಾಡಿಕೊಂಡಿದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಇರುವೆ ಇಲ್ಲವೆಂದೇ ನನ್ನ ಅಭಿಪ್ರಾಯ. ದೊಡ್ಡದು, ಆದ್ದರಿಂದ ಬರಿಗಣ್ಣಿಗೆ ಎಲ್ಲವೂ ಕಾಣುತ್ತದೆ. ಗಟ್ಟಿ ಜೀವ. ನಮ್ಮ ಹವೆ ಅದಕ್ಕೆ ತವರಿನದು. ಒಂದೇ ತೊಡಕು, ಅದು ಇರುವೆಯದಲ್ಲ, ಸಾಕುವವರದು: ಸುಮ್ಮನಿರಲು ಬರಬೇಕು.

ಶಾಸ್ತ್ರದಲ್ಲಿ ಇದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1787ರಲ್ಲಿ ಇದನ್ನು ವಿವರಿಸಿದ. ಈ ಕುಲಕ್ಕೆಲ್ಲ ಬಡಗಿ ಇರುವೆ ಎಂಬ ಹೆಸರು ಬಂದದ್ದು ಚಳಿ ದೇಶಗಳಲ್ಲಿ. ಅಲ್ಲಿಯ ಜಾತಿಗಳು ಒದ್ದೆಯಾಗಿ ಮೆತ್ತಗಾದ ಮರವನ್ನು ಕೊರೆದು ಕೋಣೆ ಮಾಡುತ್ತವೆ. ಕೊರೆದ ಪುಡಿಯನ್ನು ಹೊರಗೆ ಚೆಲ್ಲುತ್ತವೆಯೇ ಹೊರತು ತಿನ್ನುವುದಿಲ್ಲ. ನಮ್ಮ ಗೊದ್ದಕ್ಕಂತೂ ಮಣ್ಣೇ ಮನೆ. ಬೇವು, ಜಾಲಿ, ಹುಣಸೆಯ ಬೇರಿನ ಸಂದಿನಲ್ಲಿ ಆಳಕ್ಕೆ ಇಳಿಯುತ್ತದೆ, ಬಾಯಿಯ ಸುತ್ತ ಮಣ್ಣಿನ ಬಳೆ ಕಟ್ಟುತ್ತದೆ. ತೊಲೆ, ಬಾಗಿಲ ಚೌಕಟ್ಟು ತಿಂದು ಹಾಕುವುದು ಗೆದ್ದಲು. ಆ ಅಪವಾದವನ್ನು ಗೊದ್ದದ ಮೇಲೆ ಹೊರಿಸಿ ಮದ್ದು ಸುರಿಯುವವರು ಬಹಳ.

ಒಂದೇ ಗೂಡಿನಲ್ಲಿ ಏಳೆಂಟು ಮಿಲಿಮೀಟರಿನ ಸಣ್ಣ ಕೆಲಸಗಾರ್ತಿಯರೂ ಅದರ ಸುಮಾರು ಎರಡರಷ್ಟು ದೊಡ್ಡ, ಭಾರಿ ತಲೆಯವರೂ ಇರುತ್ತಾರೆ. ಎಲ್ಲರೂ ಒಬ್ಬ ರಾಣಿಯ ಹೆಣ್ಣುಮಕ್ಕಳು. ದೊಡ್ಡ ತಲೆಯವನ್ನು ಕಂಡು ಗಂಡು ಎನ್ನುವವರಿದ್ದಾರೆ, ಅಲ್ಲ. ಗಂಡಿಗೆ ತಲೆ ಚಿಕ್ಕದು, ಮೈ ಸಪೂರ, ರೆಕ್ಕೆ ಉಂಟು, ಆಯುಷ್ಯ ಅತಿ ಕಡಿಮೆ.

ಇರುವೆ ಸಾಕುವುದು ಈ ಕಾಲದ ಶೋಕಿ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಬ್ಯಾಂಕರ್, ಪಾರ್ಲಿಮೆಂಟ್ ಸದಸ್ಯ ಜಾನ್ ಲಬಕ್ ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಮಣ್ಣು ಹಾಸಿ ಇರುವೆ ಸಾಕಿದ. 1882ರಲ್ಲಿ ಇರುವೆ, ಜೇನು, ಕಣಜಗಳ ಮೇಲೆ ದೊಡ್ಡ ಪುಸ್ತಕ ಬರೆದ. ಅವನ ಮನೆಯ ಒಂದು ರಾಣಿ 1874ರಿಂದ 1888ರವರೆಗೆ ಬದುಕಿತ್ತು. ಇರುವೆಗೆ ನೇರಳಾತೀತ ಬೆಳಕು ಗೊತ್ತಾಗುತ್ತದೆ, ಕೆಂಪು ಬಹುಮಟ್ಟಿಗೆ ಕತ್ತಲೆ ಎಂದು ತೋರಿಸಿದವನೂ ಅವನೇ. ಇಂದು ಸಾಕುವವರು ಗೂಡಿನ ಗಾಜಿಗೆ ಕೆಂಪು ಹಾಳೆ ಅಂಟಿಸುವುದು ಆ ಪ್ರಯೋಗದ ಫಲ. ನಮಗೆ ನೋಡಲು ಬೆಳಕು, ಅವಕ್ಕೆ ಇರಲು ಕತ್ತಲೆ.

ನಮ್ಮ ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಅರಣ್ಯಾಧಿಕಾರಿ ರಾಟನ್ ಎಂಬಾತ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1892ರಲ್ಲಿ ಇಲ್ಲಿಯ ಇರುವೆಗಳ ಕುರಿತು ಬರೆದ. ಬಿಂಗಮ್‌ನ ಭಾರತದ ಇರುವೆಗಳ ಸಂಪುಟ 1903ರಲ್ಲಿ ಬಂತು. ಕರ್ನಾಟಕದ ಇರುವೆಗಳ ಪಟ್ಟಿಯನ್ನು 1990ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಷ್ತಾಕ್ ಅಲಿ. 2006ರಲ್ಲಿ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಪರ್ಯಾಯದ್ವೀಪ ಭಾರತದ ಇರುವೆಗಳಿಗೆ ಚಿತ್ರಸಹಿತ ಕೈಪಿಡಿ ತಂದರು. ಜೋಗ, ಮೂಡಿಗೆರೆ ಕಡೆಯಿಂದ 1990ರ ದಶಕದಲ್ಲಿ ಒಯ್ದ ನೆಗೆಯುವ ಇರುವೆಯ ಸಂತಾನ ಅಮೆರಿಕದ ಪ್ರಯೋಗಾಲಯಗಳಲ್ಲಿ ಬೆಳೆಯಿತು. 2010ರಲ್ಲಿ ಮೊದಲಿಗೆ ಜೀನೋಮ್ ಓದಿದ ಎರಡು ಇರುವೆಗಳಲ್ಲಿ ಒಂದು ಈ ಕನ್ನಡ ನಾಡಿನ ನೆಗೆಯುವ ಇರುವೆ, ಇನ್ನೊಂದು ನಮ್ಮ ಗೊದ್ದದ ದಾಯಾದಿಯಾದ ಫ್ಲಾರಿಡಾದ ಬಡಗಿ ಇರುವೆ.

ಇನ್ನು ರಾಣಿಯ ಮಾತು. ಗೂಡು ಅಗೆದು ರಾಣಿ ಹುಡುಕುವುದು ಮೂರ್ಖತನ. ಆಳದಲ್ಲಿರುವ ಅವಳು ಸಿಗುವುದಿಲ್ಲ, ಸಿಕ್ಕರೂ ಇದ್ದ ಸಂಸಾರ ಹಾಳು. ರಾಣಿ ತಾನಾಗಿ ಹೊರಬರುವ ಕಾಲವೊಂದಿದೆ. ಬೇಸಿಗೆಯ ಕೊನೆಯ ಅಡ್ಡಮಳೆಯಿಂದ ಮಿರಗದ ಮಳೆಯವರೆಗೆ, ನೆಲ ಹಸಿಯಾಗಿ ಗಾಳಿ ನಿಂತ ಸಂಜೆಗಳಲ್ಲಿ ರೆಕ್ಕೆಯ ಹೆಣ್ಣು, ಗಂಡುಗಳು ಗೂಡು ಬಿಟ್ಟು ಹಾರುತ್ತವೆ. ಇರುವೆಗೆ ಸಾವು ಬಂದಾಗ ರೆಕ್ಕೆ ಬರುತ್ತದೆ ಎಂಬ ಗಾದೆ ಗಂಡಿನ ಮಟ್ಟಿಗೆ ಪೂರಾ ಸತ್ಯ. ಹೆಣ್ಣು ನೆಲಕ್ಕಿಳಿದು, ತನ್ನ ರೆಕ್ಕೆಯನ್ನು ತಾನೇ ಕಾಲಿನಿಂದ ಮುರಿದು ಹಾಕಿ, ಬಿಲಕ್ಕೆ ಜಾಗ ಹುಡುಕುತ್ತ ನಡೆಯುತ್ತದೆ. ಆ ಹಾರಾಟದಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯ ಚೀಲದಲ್ಲಿ ಕಾಪಿಟ್ಟುಕೊಂಡು ಜೀವಮಾನವಿಡೀ ಮೊಟ್ಟೆಯಿಡುತ್ತದೆ, ಮತ್ತೆ ಗಂಡಿನ ಹಂಗಿಲ್ಲ.

ಬೀದಿದೀಪದ ಕೆಳಗೆ, ಬಸ್ ನಿಲ್ದಾಣದ ಗೋಡೆಯ ಬುಡದಲ್ಲಿ, ಗುಡಿಯ ಹಾಸುಗಲ್ಲಿನ ಮೇಲೆ ಕಣ್ಣಿಟ್ಟು ನಡೆದರೆ ಸಿಗುತ್ತವೆ. ಪಶ್ಚಿಮದ ನಿಪ್ಪಾಣಿಗೆ ಮಳೆ ಹೆಚ್ಚು. ಪೂರ್ವದ ಅಥಣಿ, ಕಾಗವಾಡದಲ್ಲಿ ಒಂದೆರಡು ಒಳ್ಳೆಯ ಮಳೆ ತಪ್ಪಿದರೆ ಆ ವರ್ಷದ ಹಾರಾಟವೂ ಚದುರಿಹೋಗಬಹುದು. ಅದೇ ಸಂಜೆ ದೀಪಕ್ಕೆ ಮುತ್ತುವ ಈಚಲು ಹುಳಗಳು ಗೆದ್ದಲಿನವು: ಸೊಂಟವಿಲ್ಲದ ಮೈ, ನಾಲ್ಕೂ ರೆಕ್ಕೆ ಒಂದೇ ಅಳತೆ, ನೇರ ಮೀಸೆ. ಇರುವೆಯ ಸೊಂಟ ಸಣ್ಣ, ಮುಂದಿನ ರೆಕ್ಕೆ ದೊಡ್ಡದು, ಮೀಸೆ ಮೊಣಕೈಯಂತೆ ಮಡಿಚಿದ್ದು. ದೊಡ್ಡ ತಲೆಯ ಕೆಲಸಗಾರ್ತಿಯನ್ನೇ ರಾಣಿಯೆಂದು ತಿಳಿದು ತರುವವರೇ ಹೆಚ್ಚು. ತಲೆ ನೋಡಬೇಡಿ, ಎದೆ ನೋಡಿ. ರೆಕ್ಕೆಯ ಸ್ನಾಯು ತುಂಬಿದ ರಾಣಿಯ ಎದೆ ಉಬ್ಬಿ ದಪ್ಪಗಿರುತ್ತದೆ, ಪಕ್ಕದಲ್ಲಿ ರೆಕ್ಕೆ ಮುರಿದ ಗುರುತು. ಕೆಲಸಗಾರ್ತಿಯದು ಒಣಕಲು ಎದೆ. ರೆಕ್ಕೆ ಇನ್ನೂ ಇರುವ ಹೆಣ್ಣು ಕೂಡಿರುವುದು ಖಾತ್ರಿಯಲ್ಲ, ಮುರಿದುಕೊಂಡವಳನ್ನೇ ಆರಿಸಿ. ಒಬ್ಬಳು ಸಾಕು. ಇಬ್ಬರನ್ನು ಒಟ್ಟಿಗೆ ಹಾಕಿದರೆ ಕೊನೆಗೆ ಉಳಿಯುವವಳು ಸಾಮಾನ್ಯವಾಗಿ ಒಬ್ಬಳೇ.

ಮನೆಗೆ ತಂದ ರಾಣಿಗೆ ಬೇಕಾದ ಸಾಮಾನು ಒಂದು ಟೆಸ್ಟ್ ಟ್ಯೂಬ್, ಹಿಡಿ ಹತ್ತಿ, ಕುಡಿಯುವ ನೀರು. ಬೆಳಗಾವಿ, ಕೊಲ್ಹಾಪುರ, ಮಿರಜ್‌ನಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಗಳಲ್ಲಿ ಆರಿಂಚಿನ ಟ್ಯೂಬ್ ಸಿಗುತ್ತದೆ. ಮೂರರಲ್ಲಿ ಒಂದು ಪಾಲು ನೀರು ತುಂಬಿ, ನೀರಿಗೆ ತಾಗುವಂತೆ ಹತ್ತಿಯನ್ನು ಬಿಗಿಯಾಗಿ ತಳ್ಳಬೇಕು. ಹತ್ತಿ ಒದ್ದೆಯಾಗಬೇಕು, ನೀರು ಜಿನುಗಬಾರದು. ಈ ಕಡೆ ಉಳಿದ ಒಣ ಜಾಗದಲ್ಲಿ ರಾಣಿ. ಬಾಯಿಗೆ ಗಾಳಿಯಾಡುವಷ್ಟು ಸಡಿಲವಾದ ಹತ್ತಿ. ಕಾಗದ ಸುತ್ತಿ, ಮಿಕ್ಸರ್, ಗಿರಣಿ, ಟಿವಿಯ ಅದುರು ತಾಗದ ಕಪಾಟಿನಲ್ಲಿ ಮಲಗಿಸಿಡಬೇಕು.

ಅಲ್ಲಿಂದ ಶುರು ನಿಜವಾದ ಪರೀಕ್ಷೆ. ಈ ರಾಣಿಗೆ ಈಗ ಊಟ ಬೇಡ. ಇನ್ನು ಹಾರಲು ಬೇಕಿಲ್ಲದ ರೆಕ್ಕೆಯ ಸ್ನಾಯುವನ್ನೇ ಕರಗಿಸಿಕೊಂಡು, ಮೈಯ ಕೊಬ್ಬು ಕರಗಿಸಿಕೊಂಡು ಮೊದಲ ಮಕ್ಕಳಿಗೆ ಬಾಯಿಂದ ಬಾಯಿಗೆ ಉಣಿಸುತ್ತಾಳೆ. ಕೆಲವೇ ದಿನಗಳಲ್ಲಿ ಬಿಳಿ ಮೊಟ್ಟೆಗಳ ಸಣ್ಣ ಗೊಂಚಲು. ಅದು ಕೋಶದ ಹಂತಕ್ಕೆ ಬರುವಷ್ಟರಲ್ಲಿ ಮರಿಹುಳಗಳು ರೇಷ್ಮೆ ನೂತು ಕಂದು ಬಣ್ಣದ ಗೂಡು ಕಟ್ಟಿಕೊಂಡಿರುತ್ತವೆ, ಅಕ್ಕಿ ಕಾಳಿನ ಹಾಗೆ. ಮೊದಲ ಕೆಲಸಗಾರ್ತಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಈ ಅವಧಿಯಲ್ಲಿ ದಿನಾ ಕಾಗದ ಬಿಚ್ಚಿ ನೋಡುವವನ ರಾಣಿ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತಾಳೆ. ಅಪಾಯದ ಜಾಗದಲ್ಲಿ ಮಕ್ಕಳನ್ನು ಬೆಳೆಸಿ ಕಳೆದುಕೊಳ್ಳುವುದಕ್ಕಿಂತ ಆ ಸತ್ವವನ್ನು ಮೈಗೆ ಹಿಂತೆಗೆದುಕೊಳ್ಳುವುದು ಅವಳ ಲೆಕ್ಕ. ವಾರಕ್ಕೊಮ್ಮೆ, ಅದೂ ಕೆಂಪು ಬೆಳಕಿನಲ್ಲಿ, ಒಂದು ನಿಮಿಷ ನೋಡಿ ಮುಚ್ಚಿದರೆ ಸಾಕು. ಮಿರಗದಲ್ಲಿ ಹಿಡಿದ ರಾಣಿಯ ಬಳಿ ಗಣಪತಿ ಹಬ್ಬದ ಹೊತ್ತಿಗೆ ಬೆರಳೆಣಿಕೆಯ ಸಣ್ಣ ಸಣ್ಣ ಇರುವೆಗಳಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ದೊಡ್ಡ ತಲೆಯವು ಆಮೇಲೆ, ಗೂಡು ತುಂಬಿದ ಮೇಲೆ ಹುಟ್ಟುತ್ತವೆ.

“ಇದನ್ಯಾಕ ಸಾಕ್ತೀಯೋ ತಮ್ಮಾ, ಹಾಲ ಕೊಡತೈತೇನು?” ಎಂದು ಅಜ್ಜಿ ಕೇಳದ ಮನೆಯಿಲ್ಲ. ಹಾಲು ಕೊಡುವುದಿಲ್ಲ, ಆದರೆ ಹಾಲು ಕರೆಯುವುದನ್ನು ಬಲ್ಲದು. ಎಕ್ಕೆ ಗಿಡ, ಬೋರೆ ಗಿಡ, ಜಾಲಿಯ ಎಳೆ ಕೊಂಬೆಗಳ ಮೇಲೆ ರಸ ಹೀರುವ ಹೇನು, ಜಿಗಿಹುಳಗಳನ್ನು ಗೊದ್ದ ಕಾಯುತ್ತದೆ, ಮೀಸೆಯಿಂದ ತಟ್ಟಿ ಅವು ಬಿಡುವ ಸಿಹಿ ಅಂಟನ್ನು ಕುಡಿಯುತ್ತದೆ. ಆ ಅಂಟು ಎಂಥದೆಂದು ನಮ್ಮ ಕಬ್ಬಿನ ರೈತರಿಗೆ ಹೇಳಬೇಕಾಗಿಲ್ಲ. 2002ರಲ್ಲಿ ಸಾಂಗಲಿ ಕಡೆಯಿಂದ ಹಬ್ಬಿ ಬೆಳಗಾವಿ ಜಿಲ್ಲೆಗೂ ನುಗ್ಗಿದ ಬಿಳಿ ಉಣ್ಣೆ ಹೇನು ಗರಿಗಳ ಮೇಲೆ ಅಂಟು ಸುರಿಸಿ, ಅದರ ಮೇಲೆ ಕರಿ ಬೂಷ್ಟು ಕಟ್ಟಿ, ಹೊಲಕ್ಕೆ ಹೊಲವೇ ಮಸಿ ಬಳಿದಂತಾಗಿತ್ತು.

ಆದ್ದರಿಂದ ಊಟದ ಮೊದಲರ್ಧ ಸುಲಭ: ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು, ಹತ್ತಿಯಲ್ಲಿ ಅದ್ದಿ ಒಂದು ತೊಟ್ಟು. ಬೆಲ್ಲದ ನೀರು, ಜೇನುತುಪ್ಪವೂ ಆದೀತು, ಬೇಗ ಹುಳಿಯುತ್ತವೆ ಅಷ್ಟೇ. ಹೆಚ್ಚು ಕೊಟ್ಟರೆ ಮುಳುಗಿ ಸಾಯುತ್ತವೆ. ಇನ್ನರ್ಧ ಮರಿಗಳ ಮೈ ಬೆಳೆಸುವ ಪ್ರೋಟೀನು. ಸತ್ತ ನೊಣ, ಮಿಡತೆಯ ಕಾಲು, ಬೇಯಿಸಿದ ಮೊಟ್ಟೆಯ ಚೂರು. ಬಡಗಿ ಇರುವೆಗಳ ಕರುಳಿನ ಜೀವಕೋಶಗಳಲ್ಲಿ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ನೆಲೆಸಿದೆ. ಬಡ ಆಹಾರದ ಸಾರಜನಕದಿಂದಲೇ ಅದು ಇರುವೆಗೆ ಬೇಕಾದ ಅಮೈನೋ ಆಮ್ಲ ಮಾಡಿಕೊಡುತ್ತದೆ. ತಾಯಿಯಿಂದ ಮಗಳಿಗೆ ಮೊಟ್ಟೆಯ ಮೂಲಕ ಬಳುವಳಿಯಾಗಿ ಬರುವ ಈ ಅಡುಗೆಯವಳಿಂದಾಗಿ ಗೊದ್ದ ಹಸಿವು ತಡೆಯುತ್ತದೆ. ಆದರೂ ಬರೀ ಸಿಹಿಯಲ್ಲಿ ಗೂಡು ಬೆಳೆಯದು.

ನಮ್ಮ ಭಾಗಕ್ಕೆ ಸೇರಿದ ಎಚ್ಚರಿಕೆಯೊಂದಿದೆ. ಹೊಲದಿಂದ ಹಿಡಿದ ಹುಳ ಕೊಡಬೇಡಿ. ಕಬ್ಬಿಗೆ, ಸೋಯಾಬೀನಿಗೆ, ನಿಪ್ಪಾಣಿಯ ತಂಬಾಕಿಗೆ, ಅಥಣಿ ಕಡೆಯ ದ್ರಾಕ್ಷಿಗೆ ಹೊಡೆದ ಮದ್ದು ಆ ಮಿಡತೆಯ ಮೈಯಲ್ಲಿರುತ್ತದೆ. ಇರುವೆಗಳು ತಿಂದದ್ದನ್ನು ಬಾಯಿಂದ ಬಾಯಿಗೆ ಹಂಚುವುದರಿಂದ ಒಂದು ತುಣುಕು ಇಡೀ ಗೂಡನ್ನು ಮುಗಿಸಬಲ್ಲದು. ಅಡುಗೆಮನೆಯಲ್ಲಿ ಗೆರೆ ಎಳೆಯುವ ಇರುವೆ ಸೀಮೆಸುಣ್ಣ, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಇವೂ ಅದೇ ಸಾಲಿನವು. ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ ಗೂಡನ್ನು ಬೇರೆಯವರ ಮನೆಗೆ ದಾಟಿಸುವುದು ಒಳ್ಳೆಯದು.

ಇಪ್ಪತ್ತು ಮೂವತ್ತು ಇರುವೆ ಆಗುವ ತನಕ ಟ್ಯೂಬೇ ಅರಮನೆ. ಗಡಿಬಿಡಿಯಲ್ಲಿ ದೊಡ್ಡ ಗೂಡಿಗೆ ಹಾಕಿದರೆ ಖಾಲಿ ಕೋಣೆಗಳಲ್ಲಿ ಕಸ ಹಾಕಿ, ತೇವ ಸಿಗದೆ ಒಣಗುತ್ತವೆ. ಆಮೇಲೆ ಬೇಕಾದ ಮನೆಯನ್ನು ಕೈಯಾರೆ ಮಾಡಿಕೊಳ್ಳಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಕ ಹೊಯ್ದು ಚಮಚದಿಂದ ಕೋಣೆ ಕೆತ್ತಿ ಮೇಲೆ ಗಾಜು ಮುಚ್ಚುವುದು ಹಳೆಯ ಪದ್ಧತಿ. ಫ್ರಾನ್ಸಿನ ಶಾರ್ಲ್ ಜಾನೆ ಇಂಥ ಗೂಡುಗಳನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದ. ಈಗ ಕಟ್ಟಡಕ್ಕೆ ಬಳಸುವ ಹಗುರ ಎಎಸಿ ಬ್ಲಾಕ್ ಇನ್ನೂ ಸರಳ, ಹಳೆಯ ಸ್ಕ್ರೂ ಡ್ರೈವರಿನಲ್ಲೂ ಕೆತ್ತಬಹುದು. ಒಂದು ಮೂಲೆಗೆ ನೀರು ಹೊಯ್ಯುವ ಗುಳಿ ಇರಲಿ. ಒಂದು ತುದಿ ತೇವ, ಇನ್ನೊಂದು ತುದಿ ಒಣಗಿದ್ದರೆ ಮೊಟ್ಟೆಗೆ ಎಲ್ಲಿ ಹಿತವೋ ಅಲ್ಲಿಗೆ ಅವೇ ಒಯ್ದುಕೊಳ್ಳುತ್ತವೆ. ಗೂಡಿಗೆ ಪೈಪ್ ಜೋಡಿಸಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದು ಅವುಗಳ ಅಂಗಳ. ಡಬ್ಬಿಯ ಮೇಲಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಮ್ ಪೌಡರ್ ಬಳಿದು ಒಣಗಿಸಿದರೆ ಕಾಲು ಜಾರಿ ಹತ್ತಲಾರವು. ನೀರಿನ ಬಟ್ಟಲಿನಲ್ಲಿ ಕಪಾಟಿನ ಕಾಲಿಡುವ ಅಜ್ಜಿಯರ ಉಪಾಯವೂ ಜೊತೆಗಿದ್ದರೆ ಮನೆಯವರ ನಿದ್ದೆಗೆ ಭಂಗವಿಲ್ಲ.

ಚಳಿ ದೇಶದವರು ಇರುವೆಗೆ ಹೀಟರ್ ಹಚ್ಚುತ್ತಾರೆ. ಇಲ್ಲಿ ಕಥೆ ತಿರುವುಮುರುವು. ಏಪ್ರಿಲ್‌ನಲ್ಲಿ ಅಥಣಿಯ ತಗಡಿನ ಮನೆಯೊಳಗೆ ಗಾಜಿನ ಟ್ಯೂಬ್ ಕಾದು ಬಿಡುತ್ತದೆ, ಒಳಗಿನ ಗಾಳಿ ಹಿಗ್ಗಿ ನೀರನ್ನು ಹತ್ತಿಯ ಆಚೆ ನೂಕುತ್ತದೆ, ರಾಣಿ ಮುಳುಗುತ್ತಾಳೆ. 25ರಿಂದ 30 ಡಿಗ್ರಿ ಹಿತ. ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಯ ನೆಲಮಟ್ಟದ ಗೋಡೆಗೂಡು, ಇಲ್ಲವೇ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ಟ್ಯೂಬ್ ಇಡುವುದು, ಇವು ಕೂಲರಿಗಿಂತ ನೆಚ್ಚಿಕೆಯ ದಾರಿ. ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗಿ ಚಟುವಟಿಕೆ ಮಂದವಾದರೆ ಗಾಬರಿ ಬೇಡ.

ಇಷ್ಟೆಲ್ಲ ಮಾಡಿ ನೋಡಲು ಸಿಗುವುದೇನು? ಫ್ಲಾರಿಡಾದ ದಾಯಾದಿಯ ಮೇಲೆ 2024ರಲ್ಲಿ ಪ್ರಕಟವಾದ ಅಧ್ಯಯನ ಒಂದನ್ನು ಹೇಳುತ್ತೇನೆ. ಸಂಗಾತಿಯ ತೊಡೆಗೆ ಗಾಯವಾದರೆ ಉಳಿದವು ಕಾಲನ್ನು ಬುಡದಲ್ಲೇ ಕಡಿದು ತೆಗೆಯುತ್ತವೆ. ಮೊಣಕಾಲಿನ ಕೆಳಗೆ ಗಾಯವಾದರೆ ಕಡಿಯದೆ ನೆಕ್ಕಿ ನೆಕ್ಕಿ ಶುದ್ಧ ಮಾಡುತ್ತವೆ. ಯಾವ ಗಾಯಕ್ಕೆ ಯಾವ ಶಸ್ತ್ರಕ್ರಿಯೆ ಎಂಬುದು ಅವಕ್ಕೆ ಗೊತ್ತು, ಹೀಗೆ ಆರೈಕೆ ಸಿಕ್ಕವುಗಳಲ್ಲಿ ಬಹುಪಾಲು ಬದುಕುತ್ತವೆ. ಬೇರೆ ಅನೇಕ ಇರುವೆಗಳಿಗೆ ರೋಗಾಣು ಕೊಲ್ಲುವ ರಸ ಸುರಿಸುವ ಗ್ರಂಥಿ ಎದೆಯಲ್ಲಿರುತ್ತದೆ, ಬಡಗಿ ಇರುವೆಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಆದ್ದರಿಂದಲೇ ಈ ವೈದ್ಯ ಇರಬೇಕು.

ಈ ಸೀಮೆಯಲ್ಲಿ ಜೈನ ಮನೆಗಳು ಬಹಳ. ಆಚಾರ್ಯ ಶಾಂತಿಸಾಗರರ (1872–1955) ಭೋಜ ಗ್ರಾಮ ಇಲ್ಲಿಯೇ, ಇಂದಿನ ನಿಪ್ಪಾಣಿ ತಾಲ್ಲೂಕಿನಲ್ಲಿದೆ. ಧ್ಯಾನಕ್ಕೆ ಕೂತಾಗ ಇರುವೆ ಮುತ್ತಿ ಕಚ್ಚಿದರೂ ಅವರು ಅಲುಗಲಿಲ್ಲವೆಂಬ ಕಥೆಯನ್ನು ಭಕ್ತರು ಹೇಳುತ್ತಾರೆ. ತತ್ತ್ವಾರ್ಥಸೂತ್ರ ಇರುವೆಯನ್ನು ಮೂರು ಇಂದ್ರಿಯದ ಜೀವವೆಂದು ಎಣಿಸುತ್ತದೆ: ಸ್ಪರ್ಶ, ರುಚಿ, ವಾಸನೆ. ಗೊದ್ದಕ್ಕೆ ಕಣ್ಣಿದೆ ನಿಜ, ಆದರೆ ಬದುಕು ನಡೆಯುವುದು ಮೂಗಿನ ಮೇಲೆಯೇ. ಫ್ಲಾರಿಡಾದ ಜಾತಿಯಲ್ಲಿ ವಾಸನೆ ಹಿಡಿಯುವ ಜೀನುಗಳೇ ನಾಲ್ಕುನೂರರಷ್ಟಿವೆ. ಹುಳ ಕೊಂದು ಇರುವೆಗೆ ಹಾಕುವುದು ಇಂಥ ಮನೆಗಳಲ್ಲಿ ಒಪ್ಪುವ ಮಾತಲ್ಲ, ಒಪ್ಪಿಸಲೂ ಹೋಗಬಾರದು. ಅಂಥವರು ಬೇವಿನ ಬುಡಕ್ಕೆ ಸಕ್ಕರೆ ಉದುರಿಸುವ ಹಳೆಯ ವಾಡಿಕೆ ಮುಂದುವರಿಸಿ ಅಲ್ಲೇ ಕೂತು ನೋಡಲಿ. ಹೊಟ್ಟೆಯ ಮೇಲೆ ಬಂಗಾರದ ರೋಮ ಹೊಳೆಯುವ ಗೊದ್ದದ ಇನ್ನೊಂದು ಬಂಧು, ಕ್ಯಾಂಪೊನೋಟಸ್ ಸೆರಿಸಿಯಸ್, ಕಂಡರಂತೂ ಎದ್ದೇಳುವ ಮನಸ್ಸಾಗದು. ಊಟ ಕಂಡ ಇರುವೆ ಇನ್ನೊಂದನ್ನು ಕರೆದುಕೊಂಡು ಹೊರಡುತ್ತದೆ. ಹಿಂದಿನದು ಮುಂದಿನದರ ಬೆನ್ನನ್ನು ಮೀಸೆಯಿಂದ ತಟ್ಟುತ್ತಲೇ ಇರಬೇಕು. ತಟ್ಟುವುದು ನಿಂತರೆ ಮುಂದಿನದೂ ನಿಂತು ಕಾಯುತ್ತದೆ.

ಇತ್ತೀಚೆಗೆ ರಾಣಿಯರನ್ನು ಮಾರುವ, ಕೊಳ್ಳುವ ವ್ಯಾಪಾರವೂ ಬೆಳೆದಿದೆ. 2025ರಲ್ಲಿ ಕೀನ್ಯಾದಲ್ಲಿ ಸುಮಾರು ಐದು ಸಾವಿರ ರಾಣಿ ಇರುವೆಗಳನ್ನು ಟ್ಯೂಬುಗಳಲ್ಲಿ ತುಂಬಿ ದೇಶದಾಚೆ ಸಾಗಿಸಲಿದ್ದವರು ಸಿಕ್ಕಿಬಿದ್ದರು. ಇಬ್ಬರು ಹತ್ತೊಂಬತ್ತು ವರ್ಷದ ಬೆಲ್ಜಿಯಂ ಹುಡುಗರು, ಒಬ್ಬ ವಿಯೆಟ್ನಾಂನವ, ಒಬ್ಬ ಸ್ಥಳೀಯ; ನ್ಯಾಯಾಲಯ ತಲಾ ಹತ್ತು ಲಕ್ಷ ಶಿಲಿಂಗ್ ದಂಡ ಅಥವಾ ಒಂದು ವರ್ಷ ಜೈಲು ವಿಧಿಸಿತು. ನಮ್ಮಲ್ಲಿಯೂ 2002ರ ಜೀವವೈವಿಧ್ಯ ಕಾಯ್ದೆ ಇಲ್ಲಿಯ ಜೀವಿಗಳನ್ನು ಅನುಮತಿಯಿಲ್ಲದೆ ವಿದೇಶಿಯರಿಗೆ ಕೊಡುವುದನ್ನು ತಡೆಯುತ್ತದೆ. ದೂರದ ಜಾತಿಯನ್ನು ಕೊಂಡು ತರಿಸುವ ಆಸೆಯನ್ನು ಹೊಸಬರು ಮೊದಲೇ ಬಿಡಬೇಕು. ಮಿರಗ ಪ್ರತಿವರ್ಷ ಬರುತ್ತದೆ, ರಾಣಿ ಬಾಗಿಲ ಹತ್ತಿರವೇ ಸಿಗುತ್ತಾಳೆ.

ಸಾಕಲಾಗದ ದಿನವೂ ಬಂದೀತು. ಪರೀಕ್ಷೆ, ವರ್ಗಾವಣೆ, ಮದುವೆ, ಏನೂ ಇರಬಹುದು. ರಾಣಿಯ ಆಯುಷ್ಯವೋ ವರ್ಷಗಟ್ಟಲೆ. ಆಗ ಗೂಡನ್ನು ಚರಂಡಿಗೆ ಸುರಿಯದೆ, ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ, ರಾಣಿ ಸಿಕ್ಕಿದ ಊರಿನಲ್ಲೇ, ಬೇರೆ ಗೊದ್ದದ ಗೂಡಿನಿಂದ ದೂರದ ಮರದ ಬುಡದಲ್ಲಿ, ಸಂಜೆ ಹೊತ್ತು ಟ್ಯೂಬಿನ ಬಾಯಿ ತೆರೆದು ಮಲಗಿಸಬೇಕು. ಕೊಂಡು ತಂದ ಹೊರನಾಡಿನ ಜಾತಿಯಾದರೆ ಎಲ್ಲಿಯೂ ಬಿಡುವಂತಿಲ್ಲ; ಕೊನೆಯ ತನಕ ಸಾಕಬೇಕು, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಒಪ್ಪಿಸಬೇಕು.